ಮೈಸೂರು ಅರಸರು ಉಳಿಸಿದ ಪಿಯಾನೊ

ಜಯಚಾಮರಾಜೇಂದ್ರ ಒಡೆಯರು ಸಂಸ್ಕೃತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಸಂಗೀತದ ವಿದ್ಯಾರ್ಥಿಗಳು ಬಲ್ಲರು. ಅದಕ್ಕೂ ಮೊದಲೇ ಅವರು ಪಿಯಾನೊಗೆ ಮನಸೋತಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಪಾಶ್ಚಾತ್ಯ ಸಂಗೀತ ಕೇಳಬೇಕೆನ್ನುವ ಮಕ್ಕಳಿಗೆ ಬಾಖ್‌, ಬೀಥೋವನ್‌ರಿಂದ ಆರಂಭಿಸಿ ಎನ್ನುವುದು ವಾಡಿಕೆ. ಮೈಸೂರಿನ ಮೂಲಕ ಹೋಗುವ ಇನ್ನೊಂದು ದಾರಿಯೂ ಇದೆ. ಅದು ನಿಕೊಲಾಯ್ ಮೆಟ್ನರ್ ಬಳಿಗೆ ಕರೆದೊಯ್ಯುತ್ತದೆ.

ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದರು. ಪ್ರಸಿದ್ಧ ಸಂಗೀತಗಾರ ರಾಖ್ಮನಿನೋವ್ ಅವರ ಆಪ್ತ ಗೆಳೆಯ. 1921ರಲ್ಲಿ ರಷ್ಯಾ ತೊರೆದು ಜರ್ಮನಿ, ಫ್ರಾನ್ಸ್ ಸುತ್ತಿ 1935ರಲ್ಲಿ ಲಂಡನ್ನಿನಲ್ಲಿ ನೆಲೆ ನಿಂತರು. ಗೆಳೆಯನಿಗೆ ಸಿಕ್ಕ ಹೆಸರಾಗಲಿ ಹಣವಾಗಲಿ ಇವರಿಗೆ ಸಿಗಲಿಲ್ಲ. ಯುದ್ಧದ ದಿನಗಳಲ್ಲಿ ಹೃದ್ರೋಗವೂ ಕಾಡಿತು. ಅವರ ರಚನೆಗಳು ಅವರೊಂದಿಗೇ ಮುಗಿದುಹೋಗುವ ಸ್ಥಿತಿಯಿತ್ತು. ಆಗ, ಇನ್ನೂ ಮೂವತ್ತು ತುಂಬದ ಮೈಸೂರಿನ ಮಹಾರಾಜರು ಮುಂದೆ ಬಂದು, ಮೆಟ್ನರ್ ಕೃತಿಗಳನ್ನು ಮೆಟ್ನರ್ ಕೈಯಲ್ಲೇ ನುಡಿಸಿ ಮುದ್ರಿಸುವ ವೆಚ್ಚ ವಹಿಸಿಕೊಂಡರು. 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಅವರ ಮೂರೂ ಕನ್ಚೆರ್ಟೊಗಳು ಮುದ್ರಣಗೊಂಡವು. ಕನ್ಚೆರ್ಟೊ ಎಂದರೆ ಒಬ್ಬ ವಾದಕ ಇಡೀ ವಾದ್ಯವೃಂದದ ಜೊತೆ ನುಡಿಸುವ ದೀರ್ಘ ರಚನೆ. ಮೂರನೆಯದನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ.

ಆಗಿನ ಮುದ್ರಣ ಎಂಥದೆಂದು ಇಂದಿನ ಮಕ್ಕಳು ಊಹಿಸುವುದು ಕಷ್ಟ. ಧ್ವನಿಯನ್ನು ಮೇಣದ ತಟ್ಟೆಯ ಮೇಲೆ ನೇರವಾಗಿ ಕೊರೆಯುತ್ತಿದ್ದರು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷದ ಸಂಗೀತ ಮಾತ್ರ. ತಪ್ಪಿದ ಸ್ವರವನ್ನು ಕತ್ತರಿಸಿ ಸರಿಯಾದುದನ್ನು ಅಂಟಿಸುವಂತಿರಲಿಲ್ಲ. ಆ ಮಗ್ಗುಲನ್ನೇ ಮತ್ತೆ ಮೊದಲಿನಿಂದ ನುಡಿಸಬೇಕು. ಹೃದ್ರೋಗಿ ವಾದಕನಿಗೆ ಆಗ 67 ವರ್ಷ! ಮಾರಾಟಕ್ಕೆ ಬರುವ ತಟ್ಟೆ ಅರಗಿನದು. (ಈ ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದಿಂದಲೇ.) ಗಟ್ಟಿತನಕ್ಕೆಂದು ಅರಗಿಗೆ ಕಲ್ಲಿನ ಪುಡಿ ಬೆರೆಸುತ್ತಿದ್ದುದರಿಂದ ಮುಳ್ಳು ಉಜ್ಜಿದಾಗ ‘ಸುಯ್’ ಎಂಬ ಸದ್ದು ತಪ್ಪದು. ಮೆಟ್ನರ್ 1951ರಲ್ಲಿ ತೀರಿಕೊಂಡರು, ತಟ್ಟೆಗಳು ಉಳಿದವು. ಟೆಸ್ಟಮೆಂಟ್ ಸಂಸ್ಥೆ ಅವನ್ನು ಸಿ.ಡಿ.ಗೆ ತಂದಿದೆ.

ಹಾಗೆಂದು ಹಳೆಯದರಿಂದಲೇ ಆರಂಭಿಸಿದರೆ ಮಕ್ಕಳು ಬೇಸರಪಟ್ಟಾರು. ಮೊದಲು ಕೇಳಬೇಕಾದದ್ದು ಕೆನಡಾದ ಮಾರ್ಕ್-ಆಂದ್ರೆ ಹ್ಯಾಮೆಲಿನ್ ನುಡಿಸಿರುವ ‘ಸೊನಾಟಾ ರೆಮಿನಿಸೆನ್ಸಾ’. ಕಾಲು ಗಂಟೆಯೊಳಗೆ ಮುಗಿಯುವ, ನೆನಪಿನ ಗುಂಗಿನಂಥ ರಚನೆ. ಮೆಟ್ನರ್ ಅವರ 14 ಸೊನಾಟಾಗಳನ್ನೂ ಹ್ಯಾಮೆಲಿನ್ ಹೈಪೀರಿಯನ್ ಸಂಸ್ಥೆಗಾಗಿ ನುಡಿಸಿದ್ದಾರೆ. 2017ರಲ್ಲಿ ಹೊರಬಂದ ಅವರ ಇನ್ನೊಂದು ಮುದ್ರಿಕೆಯಲ್ಲಿ ಮೆಟ್ನರ್ ಅವರ ಎರಡನೆಯ ಕನ್ಚೆರ್ಟೊ, ರಾಖ್ಮನಿನೋವ್ ಅವರ ಮೂರನೆಯದು ಅಕ್ಕಪಕ್ಕದಲ್ಲಿವೆ. ಗೆಳೆಯರಿಬ್ಬರಲ್ಲಿ ಒಬ್ಬರು ಏಕೆ ಬೇಗ ಜನಪ್ರಿಯರಾದರೆಂಬುದಕ್ಕೆ ಬೇರೆ ವಿವರಣೆ ಬೇಡ: ರಾಖ್ಮನಿನೋವ್ ರಾಗ ಮೊದಲ ಸಲಕ್ಕೇ ಹಿಡಿದು ನಿಲ್ಲಿಸುತ್ತದೆ, ಮೆಟ್ನರ್ ಅವರದು ಮೂರನೆಯ ಸಲಕ್ಕೆ. ಹೈಪೀರಿಯನ್ ಮುದ್ರಿಕೆಗಳು 2023ರಿಂದ ಅಂತರ್ಜಾಲದ ಸಂಗೀತ ತಾಣಗಳಲ್ಲೂ ಬರತೊಡಗಿದವು, ಸಿ.ಡಿ. ಹುಡುಕಿ ಅಲೆಯಬೇಕಿಲ್ಲ.

ಪೋಷಕರಿಗೊಂದು ಮಾತು. ಪಿಯಾನೊದ 88 ಮನೆಗಳಲ್ಲಿ ಅತಿ ಕೆಳಗಿನದು ಸೆಕೆಂಡಿಗೆ 27.5 ಬಾರಿ ಕಂಪಿಸುತ್ತದೆ, ಅತಿ ಮೇಲಿನದು ಸುಮಾರು 4,186 ಬಾರಿ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ಕೆಳಗಿನ ಕಂಪನ ಎಬ್ಬಿಸುವ ಶಕ್ತಿಯಿಲ್ಲ. ಎಡಗೈ ನುಡಿಸಿದ್ದರಲ್ಲಿ ಎಷ್ಟೋ ಕೇಳದೇ ಹೋಗುತ್ತದೆ. ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು.

ಮಹಾರಾಜರ ಹೆಸರಿಗೆ ಅರ್ಪಿತವಾದ ಮೂರನೆಯ ಕನ್ಚೆರ್ಟೊವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಯೆವ್ಗೆನಿ ಸುದ್ಬಿನ್ ಬರ್ಗೆನ್ ವಾದ್ಯವೃಂದದೊಡನೆ ಬಿಸ್ ಸಂಸ್ಥೆಗೆ ನುಡಿಸಿರುವುದರಲ್ಲಿ ಪ್ರತಿ ವಾದ್ಯವೂ ನಿಚ್ಚಳ. ಅದು ಚೆನ್ನಾಗಿ ಪರಿಚಯವಾದ ಬಳಿಕ 1947ರ ಮುದ್ರಣ ಹಾಕಿ. ವಾದ್ಯವೃಂದ ಮಸುಕಾಗಿ, ದೂರದಲ್ಲಿದ್ದಂತೆ ಕೇಳುತ್ತದೆ. ಪಿಯಾನೊ ಮಾತ್ರ ಮುಂದೆ ಕುಳಿತು ಮಾತಾಡಿದಂತಿದೆ.