ಭಾನುವಾರದ ಮಳೆ ಮತ್ತು ಬೆತ್ನಲ್ ಗ್ರೀನ್

ಅಪರಾಧವನ್ನು ವಸ್ತುವಾಗಿ ಉಳ್ಳ ಚಲನಚಿತ್ರಗಳಲ್ಲಿ ನಗರದ ಬಡಕೇರಿಯು ಸಾಮಾನ್ಯವಾಗಿ ಹಿನ್ನೆಲೆಯ ಪರದೆಯಾಗಿರುತ್ತದೆ. ಮಳೆ, ಕತ್ತಲೆ, ಇಕ್ಕಟ್ಟಾದ ಓಣಿ ಇವೆಲ್ಲ ಪ್ರೇಕ್ಷಕನಲ್ಲಿ ಭೀತಿ ಹುಟ್ಟಿಸುವ ಉಪಕರಣಗಳು ಮಾತ್ರ. ಇಂಗ್ಲೆಂಡಿನ ಈಲಿಂಗ್ ಸ್ಟುಡಿಯೋ 1947ರಲ್ಲಿ ಹೊರತಂದ, ರಾಬರ್ಟ್ ಹೇಮರ್ ಅವರು ನಿರ್ದೇಶಿಸಿದ ‘ಇಟ್ ಆಲ್ವೇಸ್ ರೇನ್ಸ್ ಆನ್ ಸಂಡೇ’ ಎಂಬ ಚಿತ್ರ ಇದಕ್ಕೆ ಅಪವಾದ. ಇಲ್ಲಿ ಕಥೆಯನ್ನು ನಡೆಸುವುದು ಕೇರಿಯೇ. ಅದು ಹೇಗೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಆರ್ಥರ್ ಲಾ ಬರ್ನ್ ಅವರ ಕಾದಂಬರಿಯನ್ನು ಆಧರಿಸಿದ ಈ ಕಥೆಯ ಕಾಲ ಒಂದೇ ಒಂದು ಭಾನುವಾರ. ಸ್ಥಳ, ಪೂರ್ವ ಲಂಡನ್ನಿನಲ್ಲಿ ದುಡಿಯುವ ಜನರು ವಾಸಿಸುವ ಬೆತ್ನಲ್ ಗ್ರೀನ್. ಡಾರ್ಟ್‌ಮೂರ್ ಸೆರೆಮನೆಯಿಂದ ತಪ್ಪಿಸಿಕೊಂಡ ಟಾಮಿ ಸ್ವಾನ್, ತನ್ನ ಹಿಂದಿನ ಪ್ರೇಯಸಿ ರೋಸಳ ಮನೆಯ ಹಿತ್ತಿಲಿಗೆ ಬಂದು ಅವಿತುಕೊಳ್ಳುತ್ತಾನೆ. ಒಮ್ಮೆ ಪಾನಗೃಹವೊಂದರಲ್ಲಿ ಪರಿಚಾರಿಕೆಯಾಗಿದ್ದ ರೋಸ್ ಈಗ ಜಾರ್ಜ್ ಎಂಬ ವಿಧುರನ ಕೈಹಿಡಿದ ಗೃಹಿಣಿ, ಪ್ರಾಯಕ್ಕೆ ಬಂದ ಇಬ್ಬರು ಹೆಣ್ಣುಮಕ್ಕಳ ಮಲತಾಯಿ. ಟಾಮಿ ಮೊದಲು ಅಡಗುವುದು ಯುದ್ಧಕಾಲದಲ್ಲಿ ಬಾಂಬಿನಿಂದ ರಕ್ಷಣೆಗೆಂದು ನಿಲ್ಲಿಸಿದ ತಗಡಿನ ಗೂಡಿನಲ್ಲಿ. ಅನಂತರ ಅವಳ ಮಲಗುವ ಕೋಣೆಯಲ್ಲಿ. ಗೂಗಿ ವಿದರ್ಸ್ ಮತ್ತು ಜಾನ್ ಮೆಕ್ಯಾಲಮ್ ಈ ಪಾತ್ರಗಳನ್ನು ವಹಿಸಿದ್ದಾರೆ.

ಕಾಲವನ್ನು ಇಲ್ಲಿ ನೆನೆಯಬೇಕು. ಯುದ್ಧ ಮುಗಿದಿದ್ದರೂ ಬ್ರಿಟನ್ನಿನಲ್ಲಿ ಕೊರತೆ ಮುಗಿದಿರಲಿಲ್ಲ. ಯುದ್ಧದ ಉದ್ದಕ್ಕೂ ರೇಷನ್ನಿಗೆ ಒಳಪಡದಿದ್ದ ರೊಟ್ಟಿಗೂ 1946ರ ಜುಲೈಯಲ್ಲಿ ನಿಯಂತ್ರಣ ಬಂದಿತು. ಅದು 1948ರವರೆಗೆ ನಡೆಯಿತು. ಮಾಂಸದ ನಿಯಂತ್ರಣ 1954ರವರೆಗೂ ಉಳಿಯಿತು. ಇಂಥ ಸ್ಥಿತಿಯಲ್ಲಿ ಪ್ರಾಮಾಣಿಕತೆಗೂ ಕಳ್ಳಸಂತೆಗೂ ನಡುವಣ ಗೆರೆ ತೆಳುವಾಗುತ್ತದೆ. ಕದ್ದ ರೋಲರ್ ಸ್ಕೇಟುಗಳನ್ನು ಮಾರಲಾಗದೆ ಪರದಾಡುವ ಚಿತ್ರದ ಮೂವರು ಪುಡಿಕಳ್ಳರು ಆ ಗೆರೆಯ ಮೇಲೆಯೇ ನಿಂತವರು.

ಚಿತ್ರದ ನಿಜವಾದ ಉದ್ವೇಗ ಹುಟ್ಟುವುದು ಪಿಸ್ತೂಲಿನಿಂದಲ್ಲ, ಮನೆಯ ಇಕ್ಕಟ್ಟಿನಿಂದ. ಮೇಲೆ ಅಪರಾಧಿ ಮಲಗಿದ್ದಾನೆ. ಕೆಳಗೆ ಭಾನುವಾರದ ಊಟ ಬೇಯುತ್ತಿದೆ. ಗಂಡ, ಮಕ್ಕಳು ಒಬ್ಬರಾದ ಮೇಲೊಬ್ಬರು ಬರುತ್ತಿರುತ್ತಾರೆ. ಚಾಳಿನ ಬದುಕನ್ನು ಬಲ್ಲ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಗುಟ್ಟೆಂಬುದು ಸ್ಥಳಾವಕಾಶವುಳ್ಳವರ ಸೊತ್ತು.

ತಪ್ಪಿಸಿಕೊಂಡು ಹೋಗಲು ಟಾಮಿಗೆ ಹಣ ಬೇಕು. ಅವನೇ ಹಿಂದೆ ಕೊಟ್ಟಿದ್ದ, ತಾನು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಉಂಗುರವನ್ನು ರೋಸ್ ಅವನ ಕೈಗಿಡುತ್ತಾಳೆ. ಅವನಿಗೆ ಅದರ ಗುರುತೇ ಹತ್ತುವುದಿಲ್ಲ. ಅವಳಿಗೆ ಅದು ಬದುಕದೆ ಉಳಿದ ಒಂದು ಬಾಳಿನ ಠೇವಣಿ; ಅವನಿಗೆ ಕೇವಲ ಮಾರಬಹುದಾದ ಒಡವೆ. ಇಡೀ ಚಿತ್ರದ ತೀರ್ಪು ಈ ಕ್ಷಣದಲ್ಲಿಯೇ ಆಗಿಬಿಡುತ್ತದೆ.

ರಾತ್ರಿ ರೈಲ್ವೆ ಯಾರ್ಡಿನ ಗಾಡಿಗಳ ನಡುವೆ ಟಾಮಿಯನ್ನು ಬೆನ್ನಟ್ಟಿ ಹಿಡಿಯುವ ದೃಶ್ಯವನ್ನು ಡಗ್ಲಸ್ ಸ್ಲೊಕೊಂಬ್ ಅವರ ಛಾಯಾಗ್ರಹಣ ಸ್ಮರಣೀಯವಾಗಿಸಿದೆ. ಆದರೆ ಅಂತ್ಯ ಅದಲ್ಲ. ಅನಿಲದಿಂದ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ ರೋಸಳ ಆಸ್ಪತ್ರೆಯ ಹಾಸಿಗೆಯ ಬಳಿ ಬರುವವನು ಜಾರ್ಜ್. ಅವನು ವಾದಿಸುವುದಿಲ್ಲ, ಲೆಕ್ಕ ಕೇಳುವುದಿಲ್ಲ. ಯಾವ ನೀರಸತೆಯಿಂದ ಬೇಸತ್ತು ಅವಳು ಹಳೆಯ ಕನಸಿಗೆ ಬಾಗಿಲು ತೆರೆದಳೋ, ಆ ನೀರಸತೆಯೇ ಕೊನೆಗೆ ಕರುಣೆಯಾಗಿ ನಿಲ್ಲುತ್ತದೆ. ಕೇರಿಯು ಅವಳ ಸೆರೆಮನೆಯೂ ಹೌದು, ಆಶ್ರಯವೂ ಹೌದು. ಈ ಎರಡು ಸತ್ಯಗಳಲ್ಲಿ ಒಂದನ್ನು ಮರೆಮಾಡಿ ಇನ್ನೊಂದನ್ನು ಹೇಳದಿರುವುದೇ ಈ ಚಿತ್ರದ ಹಿರಿಮೆ.