ಕಂಪೆನಿ ಬದಲಾದರೂ ಕಾಯ್ದ ವರ್ಷಗಳು ವ್ಯರ್ಥವಲ್ಲ

ಮಧುಮೇಹ, ರಕ್ತದೊತ್ತಡ, ಹೃದ್ರೋಗ ಮೊದಲೇ ಇದ್ದವರು ಆರೋಗ್ಯ ವಿಮೆ ಮಾಡಿಸಿದರೆ, ಆ ಕಾಯಿಲೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ಹಣ ದೊರೆಯದು. ಪಾಲಿಸಿಯಲ್ಲಿ ನಮೂದಿಸಿದ ಕಾಯುವ ಅವಧಿ ಮುಗಿಯಬೇಕು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಈ ಅವಧಿ 36 ತಿಂಗಳನ್ನು ಮೀರುವಂತಿಲ್ಲ. ಹಿಂದೆ ಅದು 48 ತಿಂಗಳವರೆಗೂ ಇತ್ತು.

ಎರಡು ವರ್ಷ ಕಂತು ಕಟ್ಟಿದ ಮೇಲೆ ಕಂಪೆನಿ ಬದಲಿಸಿದರೆ ಮತ್ತೆ ಮೊದಲಿನಿಂದ ಕಾಯಬೇಕೇ? ಬೇಕಿಲ್ಲ. 2011ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ‘ಪೋರ್ಟಬಿಲಿಟಿ’ ಸೌಲಭ್ಯದ ಅನ್ವಯ, ಕಾಯ್ದ ಅವಧಿಯೂ ಹೊಸ ಕಂಪೆನಿಯ ಲೆಕ್ಕಕ್ಕೆ ಸೇರುತ್ತದೆ.

ಆದರೆ ಈ ಅನುಕೂಲ ಹಳೆಯ ವಿಮಾ ಮೊತ್ತ ಹಾಗೂ ಅದರ ಸಂಚಿತ ಬೋನಸ್‌ಗೆ ಸೀಮಿತ. ಹೊಸಪೇಟೆಯ ವರ್ತಕರೊಬ್ಬರು 3 ಲಕ್ಷ ರೂಪಾಯಿಯ ಪಾಲಿಸಿಯಲ್ಲಿ ಎರಡು ವರ್ಷ ಪೂರೈಸಿ, 5 ಲಕ್ಷದ ಬೇರೆ ಪಾಲಿಸಿಗೆ ಹೋದರೆಂದುಕೊಳ್ಳೋಣ. ಎರಡರಲ್ಲೂ ಕಾಯುವ ಅವಧಿ ಮೂರು ವರ್ಷವಿದ್ದರೆ, 3 ಲಕ್ಷದವರೆಗಿನ ರಕ್ಷಣೆಗೆ ಇನ್ನೊಂದು ವರ್ಷ ಕಾದರೆ ಸಾಕು. ಹೆಚ್ಚುವರಿ 2 ಲಕ್ಷಕ್ಕೆ ಮಾತ್ರ ಪೂರ್ಣ ಮೂರು ವರ್ಷ ಕಾಯಬೇಕು.

ಸಂಡೂರು ಭಾಗದ ಗಣಿ ಹಾಗೂ ಉಕ್ಕು ಉದ್ಯಮದಂಥ ಕಡೆ ದುಡಿಯುವವರು ಎದುರಿಸಬಹುದಾದ ಸಮಸ್ಯೆ ಬೇರೆ. ಉದ್ಯೋಗದಾತರ ಗುಂಪು ವಿಮೆಯಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಇರುವುದುಂಟು. ನೌಕರಿ ಹೋದರೆ ಆ ರಕ್ಷಣೆಯೂ ಹೋಗುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ, ಉದ್ಯೋಗ ಎಷ್ಟು ಅಸ್ಥಿರವೆಂಬುದು ಇಲ್ಲಿನವರ ಅನುಭವಕ್ಕೆ ಬಂದಿದೆ. ಕೆಲಸ ಬಿಡುವ ಮುನ್ನವೇ ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೋರುವುದು ಕ್ಷೇಮ. ಬೇರೆ ಕಂಪೆನಿ ಬೇಕಿದ್ದರೆ ಮುಂದಿನ ನವೀಕರಣದ ವೇಳೆ ಯೋಚಿಸಬಹುದು.

ಹಂಪಿಯ ಪ್ರವಾಸಿ ಮಾರ್ಗದರ್ಶಿಗಳು, ಕಂಪ್ಲಿಯ ಭತ್ತದ ಬೆಳೆಗಾರರಂತೆ ಹಂಗಾಮಿನ ಆದಾಯವನ್ನೇ ನಂಬಿದವರು ಕಂತಿನ ದಿನಾಂಕ ಮರೆಯಬಾರದು. ವಾರ್ಷಿಕ ಕಂತಿಗೆ 30 ದಿನಗಳ ಹೆಚ್ಚುವರಿ ಕಾಲಾವಕಾಶವುಂಟು. ಅದೂ ಮೀರಿ ಪಾಲಿಸಿ ರದ್ದಾದರೆ ಕಾಯ್ದ ಅವಧಿಯೆಲ್ಲ ನಷ್ಟವಾಗುವ ಸಂಭವವಿದೆ.

ಕಾಯಿಲೆಯನ್ನು ಮುಚ್ಚಿಡುವುದೂ ಅಪಾಯಕರ. ಪಾಲಿಸಿ ಸತತ 60 ತಿಂಗಳು ಪೂರೈಸಿದ ಬಳಿಕ, ವಂಚನೆ ಸಾಬೀತಾದ ಹೊರತು, ಮಾಹಿತಿ ನೀಡಲಿಲ್ಲವೆಂಬ ಕಾರಣಕ್ಕೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ಅದಕ್ಕೆ ಮೊದಲು ಈ ಅಭಯವಿಲ್ಲ.

ಅರ್ಜಿಯನ್ನು ತಿರಸ್ಕರಿಸುವ ಅಧಿಕಾರ ಹೊಸ ಕಂಪೆನಿಗೆ ಇದೆ. ಆದ್ದರಿಂದ ನವೀಕರಣಕ್ಕೆ ಒಂದೂವರೆ ತಿಂಗಳ ಮೊದಲೇ ಅರ್ಜಿ ಸಲ್ಲಿಸಿ, ಒಪ್ಪಿಗೆ ಲಿಖಿತವಾಗಿ ಕೈಸೇರುವವರೆಗೆ ಹಳೆಯ ಪಾಲಿಸಿಯನ್ನು ಉಳಿಸಿಕೊಳ್ಳುವುದು ಜಾಣತನ.