ಮನೆ ಕಟ್ಟಿ ನೋಡು, ಬ್ಲಾಕಿನಲ್ಲಿ

ಮುಂಬೈಯ ವರ್ಲಿಯಲ್ಲಿರುವ ಬಿಡಿಡಿ ಚಾಳಿನ ಒಂದು ಖೋಲಿ 160 ಚದರ ಅಡಿ. 1920ರ ದಶಕದಲ್ಲಿ ಕಟ್ಟಿದ ಈ ಚಾಳುಗಳಿಗೆ ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು, ಅಂತಸ್ತಿಗೆ 20 ಖೋಲಿ. ಅದೇ ಖೋಲಿಯನ್ನು ಮೈನ್‌ಕ್ರಾಫ್ಟ್ ಆಟದಲ್ಲಿ ಕಟ್ಟಿದರೆ ನೆಲಕ್ಕೆ ಬೇಕಾಗುವುದು ಹದಿನೈದೇ ಬ್ಲಾಕು: ಅಗಲಕ್ಕೆ ಮೂರು, ಉದ್ದಕ್ಕೆ ಐದು. ಯಾಕೆಂದರೆ ಅಲ್ಲಿನ ಪ್ರತಿ ಬ್ಲಾಕೂ ಎಲ್ಲ ಕಡೆಯಿಂದ ಒಂದು ಮೀಟರಿನ ಘನ. ಮಕ್ಕಳು ಮೊಬೈಲಿನಲ್ಲಿ ಕಟ್ಟುವ ಕೋಟೆ ಕೊತ್ತಲಗಳನ್ನು ಹೊತ್ತು ಕಳೆಯುವ ಚಟವೆಂದು ತಳ್ಳಿಹಾಕುವ ಮೊದಲು ಈ ಲೆಕ್ಕವನ್ನೊಮ್ಮೆ ನೋಡಬೇಕು. ಜಾಗವನ್ನು ಅಳೆಯುವ, ಹಂಚುವ, ಉಳಿಸುವ ವಿದ್ಯೆ ಆ ಆಟದೊಳಗಿದೆ. ಮುಂಬೈಯಷ್ಟು ಇಕ್ಕಟ್ಟಿನ ಊರಿಗೆ ಅದು ತೀರಾ ಬೇಕಾದ ವಿದ್ಯೆ.

ಸ್ವೀಡನ್ನಿನ ಮೊಜಾಂಗ್ ಕಂಪನಿ ಮೈನ್‌ಕ್ರಾಫ್ಟನ್ನು ಪೂರ್ಣರೂಪದಲ್ಲಿ ಬಿಡುಗಡೆ ಮಾಡಿದ್ದು 2011ರ ನವೆಂಬರಿನಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡಿತು. 2023ರ ಹೊತ್ತಿಗೆ ಆಟದ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಇದರ ಕ್ರಿಯೇಟಿವ್ ಮೋಡ್‌ನಲ್ಲಿ ಸಾಮಗ್ರಿಗೆ ಮಿತಿಯಿಲ್ಲ, ಬೇಕಾದ್ದನ್ನು ಕಟ್ಟಬಹುದು. ಸರ್ವೈವಲ್ ಮೋಡ್ ಹಾಗಲ್ಲ. ಆಡುವವನು ಬರಿಗೈಯಲ್ಲಿ ಬಂದಿಳಿಯುತ್ತಾನೆ. ಮರ ಕಡಿದು ಹಲಗೆ ಮಾಡಬೇಕು, ಕಲ್ಲು ಅಗೆದು ಒಲೆ ಹೂಡಬೇಕು, ಕತ್ತಲಾಗುವುದರೊಳಗೆ ತಲೆಗೊಂದು ಸೂರು ಮಾಡಿಕೊಳ್ಳಬೇಕು. ಅಲ್ಲಿನ ಇಡೀ ಒಂದು ದಿನ ನಮ್ಮ ಇಪ್ಪತ್ತು ನಿಮಿಷ. ರಾತ್ರಿಯಾದರೆ ಜೋಂಬಿಗಳು, ಜೇಡಗಳು, ಹತ್ತಿರ ಬಂದು ಸಿಡಿಯುವ ಕ್ರೀಪರ್‌ಗಳು. ಈ ಅಪಾಯಗಳ ನಡುವೆ ಎಬ್ಬಿಸುವ ನೆಲೆಯನ್ನೇ ಆಟಗಾರರು ‘ಬೇಸ್’ ಎನ್ನುತ್ತಾರೆ.

ಬೆಳಕಿನ ಲೆಕ್ಕ, ನೀರಿನ ಲೆಕ್ಕ

ಮೊದಲ ದಿನ ಎಲ್ಲರೂ ಕಟ್ಟುವುದು ಕಲ್ಲಿನ ಡಬ್ಬಿಯನ್ನೇ. ಕಸುಬು ಶುರುವಾಗುವುದು ಆಮೇಲೆ. ಬೆಳಕು ಒಂದಿಷ್ಟೂ ಬೀಳದ ಜಾಗದಲ್ಲಿ, ಅದು ಮನೆಯೊಳಗಾದರೂ ಸರಿ, ಶತ್ರುಗಳು ಹುಟ್ಟಿಕೊಳ್ಳುತ್ತವೆ. ಟಾರ್ಚ್ ಎಂದು ಕರೆಯುವ ದೀವಟಿಗೆಯ ಬೆಳಕು 14 ಅಂಶ; ಪ್ರತಿ ಬ್ಲಾಕಿಗೆ ಒಂದೊಂದು ಅಂಶ ಇಳಿಯುತ್ತ ಹೋಗುತ್ತದೆ. ಹಾಗಾಗಿ ಯಾವ ಮೂಲೆಯೂ ಕತ್ತಲಾಗದಂತೆ ದೀಪ ಎಲ್ಲಿಡಬೇಕೆಂದು ಎಣಿಸಿಯೇ ಇಡಬೇಕು. ಬೇಸಾಯಕ್ಕೂ ಇಂಥದೇ ಲೆಕ್ಕ: ಒಂದು ಬ್ಲಾಕ್ ನೀರು ಸುತ್ತಲಿನ ನಾಲ್ಕು ಬ್ಲಾಕುಗಳವರೆಗೆ ನೆಲವನ್ನು ಹಸಿಯಾಗಿಡುತ್ತದೆ. ಬದಿಗೆ ಒಂಬತ್ತು ಬ್ಲಾಕಿನ ಚೌಕದ ನಡುವೆ ನೀರಿಟ್ಟರೆ 80 ಬ್ಲಾಕಿನಲ್ಲಿ ಗೋಧಿ ಬೆಳೆಯಬಹುದು. ಜೇಡ ಗೋಡೆ ಏರುತ್ತದೆ. ಗೋಡೆಯ ತುದಿಯಲ್ಲಿ ಒಂದು ಬ್ಲಾಕನ್ನು ಹೊರಚಾಚಿ ಕೂರಿಸಿದರೆ ಅಲ್ಲಿಗೇ ಅದರ ಆಟ ಮುಗಿಯಿತು.

ಚೆಲುವಿಗೂ ಕಟ್ಟುಪಾಡುಗಳಿವೆ. ಒಂಟಿ ಬಾಗಿಲು ಸರಿಯಾಗಿ ನಡುವೆ ಬರಬೇಕಾದರೆ ಗೋಡೆಯ ಅಗಲ ಏಳೋ ಒಂಬತ್ತೋ ಆಗಿರಬೇಕು, ಎಂಟಾಗಬಾರದು. ಕಂಬಗಳನ್ನು ಗೋಡೆಯಿಂದ ಒಂದು ಬ್ಲಾಕ್ ಮುಂದಕ್ಕೆ ತಂದರೆ ಸಪಾಟು ಗೋಡೆಗೆ ನೆರಳು ಬರುತ್ತದೆ. ಮೆಟ್ಟಿಲಿನ ಬ್ಲಾಕುಗಳನ್ನು ಓರಣವಾಗಿ ಏರಿಸಿದರೆ ಇಳಿಜಾರು ಮಾಡು ಸಿದ್ಧ. ಪಳಗಿದವರು ಸಾಮಗ್ರಿಯಲ್ಲಿ ಹಿಡಿತ ತೋರಿಸುತ್ತಾರೆ: ಒಂದು ಕಲ್ಲು, ಒಂದು ಮರ, ಒಂದೆರಡು ಬಣ್ಣ, ಅಷ್ಟೇ. ಸಿಕ್ಕಿದ್ದನ್ನೆಲ್ಲ ತುರುಕಿದ ಮನೆ ಯಾರ ಕಣ್ಣಿಗೂ ಒಪ್ಪುವುದಿಲ್ಲ.

ಚಾಳಿನ ಬದುಕು ಬಲ್ಲವರಿಗೆ ಇದರಲ್ಲಿ ಹೊಸದೇನಿಲ್ಲ. ಸಾಮಾನಿಗೆ ಮೇಲೆ ಅಟ್ಟದಂಥ ಪೋಟ್‌ಮಾಳಾ, ತೊಳೆಯಲು ಮೂಲೆಯಲ್ಲಿ ಮೋರಿ, ಹಗಲು ಮಡಚಿಟ್ಟು ರಾತ್ರಿ ಬಿಡಿಸುವ ಹಾಸಿಗೆ: ಹದಿನೈದು ಬ್ಲಾಕಿನಲ್ಲಿ ಇಡೀ ಸಂಸಾರ ತೂಗಿಸಿದ ಮುಂಬೈಯ ಅಜ್ಜಿಯರು ಬೇಸ್ ಕಟ್ಟುವ ಕಸುಬಿನಲ್ಲಿ ಯಾರಿಗೂ ಕಡಿಮೆಯಲ್ಲ. ಈಗ ವರ್ಲಿಯ ಹಳೆಯ ಚಾಳುಗಳ ಜಾಗದಲ್ಲಿ ಗೋಪುರಗಳು ಏಳುತ್ತಿವೆ. 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ 500 ಚದರ ಅಡಿಯ ಮನೆಗಳ ಕೀಲಿ ಸಿಕ್ಕಿತು. ಬ್ಲಾಕಿನ ಲೆಕ್ಕದಲ್ಲಿ ಹದಿನೈದರಿಂದ ನಲವತ್ತಾರಕ್ಕೆ.

ಆಟದಿಂದ ಬಡಾವಣೆಗೆ

ಈ ಕಸುಬು ಪರದೆಯಿಂದ ಹೊರಗೆ ಬಂದದ್ದೂ ಉಂಟು. 2012ರಲ್ಲಿ ವಿಶ್ವಸಂಸ್ಥೆಯ ವಸತಿ ಸಂಸ್ಥೆಯಾದ ಯುಎನ್-ಹ್ಯಾಬಿಟಾಟ್ ಮೊಜಾಂಗ್ ಜೊತೆ ಸೇರಿ ‘ಬ್ಲಾಕ್ ಬೈ ಬ್ಲಾಕ್’ ಯೋಜನೆಯನ್ನು ಆರಂಭಿಸಿತು. ಕ್ರಮ ಸರಳ. ಯಾವ ಮೈದಾನ ಅಥವಾ ರಸ್ತೆ ಸುಧಾರಿಸಬೇಕೋ ಅದನ್ನು ಮೊದಲು ಇದ್ದಂತೆಯೇ ಮೈನ್‌ಕ್ರಾಫ್ಟಿನಲ್ಲಿ ಮೂಡಿಸುತ್ತಾರೆ. ಆ ಬಡಾವಣೆಯ ಜನ ಜಾಗವನ್ನು ನಡೆದು ನೋಡಿ, ಗುಂಪುಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ತಮಗೆ ಬೇಕಾದುದನ್ನು ಕಟ್ಟುತ್ತಾರೆ. ಕೊನೆಗೆ ಅದನ್ನು ಅಧಿಕಾರಿಗಳ, ವಾಸ್ತುಶಿಲ್ಪಿಗಳ ಮುಂದಿಟ್ಟು ವಿವರಿಸುತ್ತಾರೆ. ನೀಲನಕ್ಷೆ ಓದಲು ಬಾರದವರಿಗೂ ಇಲ್ಲಿ ಮಾತಾಡುವ ಧೈರ್ಯ ಬರುತ್ತದೆ. ನೈರೋಬಿಯ ಕಿಬೇರಾ ಕೊಳೆಗೇರಿಯ ಆಟದ ಮೈದಾನ ಆರಂಭದ ಪ್ರಯೋಗಗಳಲ್ಲೊಂದು. ವಿಯೆಟ್ನಾಮಿನ ಹನೋಯಿಯಲ್ಲಿ ಹದಿಹರೆಯದ ಹುಡುಗಿಯರು ತಾವು ಹೆದರದೆ ಓಡಾಡಬಲ್ಲ ಬೀದಿಗಳನ್ನು ಹೀಗೆ ಕಟ್ಟಿ ತೋರಿಸಿದರು. ಆಟದಲ್ಲಿ ಕತ್ತಲ ಮೂಲೆ ಹುಡುಕಿ ದೀಪ ಇಟ್ಟವರಿಗೆ ತಮ್ಮ ಬೀದಿಯ ಕತ್ತಲ ಮೂಲೆಯೂ ಬೇಗ ಕಣ್ಣಿಗೆ ಬೀಳುತ್ತದೆ.

ಮುಂಬೈಗೂ ಈ ಯೋಜನೆ ಬಂದಿತ್ತು, ಗೌತಮ ನಗರ ಎಂಬ ಬಡ ಬಡಾವಣೆಗೆ. ಬರಲೇಬೇಕಾದ ಊರೇ ಇದು. ಈ ನಗರದಲ್ಲಿ ಒಬ್ಬರ ಪಾಲಿಗೆ ಬರುವ ಉದ್ಯಾನ, ಮೈದಾನದ ಜಾಗ ಅಂದಾಜು ಒಂದೂಕಾಲು ಚದರ ಮೀಟರ್. ತಲೆಗೊಂದು ಬ್ಲಾಕು, ಮೇಲೆ ಚೂರುಪಾರು! ಇಷ್ಟು ಕಡಿಮೆ ಇರುವಲ್ಲಿ ಒಂದು ಬೆಂಚು, ಒಂದು ಗೇಟು, ಒಂದು ಶೌಚಾಲಯ ಎಲ್ಲಿರಬೇಕು ಎಂಬುದನ್ನು ಅಲ್ಲಿ ಬದುಕುವವರೇ ಹೇಳಬೇಕು. ಹೇಳಲು ಮಕ್ಕಳಿಗೂ ಹಕ್ಕಿದೆ, ಹೇಳುವ ಬಗೆಯೂ ಅವರ ಕೈಯಲ್ಲಿದೆ.

ಇದಕ್ಕೆ ಮಿತಿಗಳಿಲ್ಲವೆಂದಲ್ಲ. ಮೈನ್‌ಕ್ರಾಫ್ಟಿನಲ್ಲಿ ಮರಳು, ಜಲ್ಲಿಯಂಥ ಕೆಲವನ್ನು ಬಿಟ್ಟರೆ ಬ್ಲಾಕುಗಳು ಗಾಳಿಯಲ್ಲೂ ನಿಲ್ಲುತ್ತವೆ. ನಿಜದ ಮನೆಗೆ ಅಡಿಪಾಯ ಬೇಕು, ಸಿಮೆಂಟು ಕಬ್ಬಿಣದ ಲೆಕ್ಕ ಬೇಕು. ಆಡುವ ಹೊತ್ತಿಗೊಂದು ಮಿತಿ ಹಾಕುವುದೂ ದೊಡ್ಡವರ ಜವಾಬ್ದಾರಿ. ಆದರೆ ಬೇಡವೆಂದು ಮೊಬೈಲ್ ಕಿತ್ತುಕೊಳ್ಳುವುದಕ್ಕಿಂತ ಅದರೊಳಗಿನ ಕೆಲಸವನ್ನು ಗುರುತಿಸುವುದು ಮೇಲು.

ಮಾಟುಂಗದ ಮೈಸೂರು ಅಸೋಸಿಯೇಶನ್, ಮುಂಬೈಯ ಕರ್ನಾಟಕ ಸಂಘದಂಥ ನಮ್ಮ ಸಂಸ್ಥೆಗಳು ನಾಟಕ, ಸಾಹಿತ್ಯವನ್ನು ತಲೆಮಾರುಗಳಿಂದ ಪೊರೆದಿವೆ. ಅಲ್ಲಿನ ಬೇಸಿಗೆ ರಜೆಯ ದಿನಗಳಲ್ಲಿ ಇದಕ್ಕೂ ಒಂದೆರಡು ದಿನ ಸಲ್ಲಬೇಕು. ಮಕ್ಕಳು ಹತ್ತಿರದ ಉದ್ಯಾನವನ್ನು ಟೇಪು ಹಿಡಿದು ಅಳೆಯಲಿ, ಮೀಟರಿಗೊಂದು ಬ್ಲಾಕಿನಂತೆ ಕಟ್ಟಲಿ, ಅಜ್ಜ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೆರಳು ಎಲ್ಲಿ ಬೇಕೆಂದು ಕೇಳಲಿ. ಹಾಗೆ ಮೂಡಿದ ನಕ್ಷೆಯನ್ನು ವಾರ್ಡ್ ಕಚೇರಿಗೆ ಒಯ್ದು ಕೊಡುವುದು ಹಿರಿಯರ ಪಾಲಿನ ಕೆಲಸ.